ಖಾಲಿ ಗಾಡಿ

ಮೂಳೆ ಲಾರಿ ಬೀದಿಗೆ ಬರುವ ಮೊದಲೇ ಅದರ ನಾತ ಬಂದು ನಿಲ್ಲುತ್ತಿತ್ತು. ಜನ ಮೂಗು ಮುಚ್ಚಿಕೊಂಡು ಗೋಡೆಗೆ ಒತ್ತಿಕೊಳ್ಳುತ್ತಿದ್ದರು. ಲಾರಿಯ ಮುಂದೆ ಡ್ರೈವರ್. ಹಿಂದೆ, ಮೂಳೆ ತುಂಬುವ ತೆರೆದ ತೊಟ್ಟಿಯಲ್ಲಿ, ಮೂವರು: ಅಕ್ಕ, ಅವಳ ತಂಗಿ, ಮತ್ತು ಯಾರು ಏನೆಂದರೂ ಒಂದು ಅಡ್ಡಮಾತು ಸೇರಿಸದೆ ಬಿಡದಿದ್ದುದರಿಂದ ವಕೀಲ ಎನಿಸಿಕೊಂಡಿದ್ದ ಒಬ್ಬ ಒಣಕಲು ಗಂಡಸು. ಲಾರಿಯ ಧಣಿ ಮೂವರನ್ನೂ ಒಟ್ಟು ಸೇರಿಸಿ ‘ಹಿಂದಿನವರು’ ಎನ್ನುತ್ತಿದ್ದ.

ಕೆಲಸ ಸರಳ. ಕಸಾಯಿಖಾನೆಯ ಹಿತ್ತಲಲ್ಲಿ ಗುಡ್ಡೆ ಬಿದ್ದ ಮೂಳೆಯನ್ನು ಬುಟ್ಟಿಗೆ ತುಂಬಬೇಕು. ತಲೆಯ ಮೇಲೆ ಹೊರಬೇಕು. ಹಲಗೆ ಏರಿ ತೊಟ್ಟಿಗೆ ಸುರಿಯಬೇಕು. ಬುಟ್ಟಿಯಿಂದ ಸೋರುವುದು ಕಿವಿಯ ಹಿಂದೆ ಇಳಿದು ಕುತ್ತಿಗೆಗೆ, ಕುತ್ತಿಗೆಯಿಂದ ಬೆನ್ನಿಗೆ ಹರಿಯುತ್ತಿತ್ತು. ಮೂಳೆಯ ಚೂಪು ಅಂಗೈ ಸೀಳುತ್ತಿತ್ತು. ತುಂಬಿದ ಮೇಲೆ ಅದೇ ರಾಶಿಯ ಮೇಲೆ ಕುಳಿತು ಮೂಳೆ ಪುಡಿ ಮಾಡುವ ಗಿರಣಿಗೆ ಹೋಗಬೇಕು, ಇಳಿಸಬೇಕು, ಖಾಲಿ ಲಾರಿಯಲ್ಲಿ ಮತ್ತೆ ಕಸಾಯಿಖಾನೆಗೆ ಮರಳಬೇಕು. ಮಳೆ ಬಂದರೆ ಟಾರ್ಪಾಲು ಮೂಳೆಯ ಮೇಲೆ. ಮಳೆ ಅವರ ಮೇಲೆ.

ಕ್ಯಾಬಿನ್ನಿನ ಬಾಗಿಲನ್ನು ಅವರು ಮುಟ್ಟುವಂತಿರಲಿಲ್ಲ. ನೀರು ಬೇಕೆಂದರೆ ಡ್ರೈವರ್ ಕಿಟಕಿಯಿಂದ ಬಾಟಲಿ ಬಗ್ಗಿಸುತ್ತಿದ್ದ. ಕೆಳಗೆ ನಿಂತು ಬೊಗಸೆ ಒಡ್ಡಬೇಕಿತ್ತು. ಅವನು ಕೆಟ್ಟವನೇನಲ್ಲ. ಚೆಲ್ಲದಿರಲೆಂದು ಧಾರೆಯನ್ನು ಸಣ್ಣಗೆ ಬಿಡುತ್ತಿದ್ದ. ಆದರೆ ಬಾಟಲಿಯನ್ನು ಕೈಗೆ ಕೊಟ್ಟವನಲ್ಲ.

ಲಾರಿ ತುಂಬಿದ್ದಾಗ ಹೇಗೋ ಸಹಿಸಬಹುದಿತ್ತು. ಭಾರಕ್ಕೆ ಹಿಂದಿನ ಸ್ಪ್ರಿಂಗ್ ಪ್ಲೇಟುಗಳು ಬಾಗಿ, ಗಾಡಿ ಹೊಟ್ಟೆ ತುಂಬ ಮೇದ ಎಮ್ಮೆಯಂತೆ ತೂಗುತ್ತ ನಡೆಯುತ್ತಿತ್ತು. ಖಾಲಿಯಾದಾಗ ಅದು ಬೇರೆಯೇ ಪ್ರಾಣಿ. ರಾಶಿ ರಾಶಿ ಮೂಳೆ ಹೊರಲೆಂದು ಮಾಡಿದ ಪ್ಲೇಟುಗಳು ಮೂರು ಬಡಕಲು ದೇಹಗಳಿಗೆ ಬಾಗುತ್ತವೆಯೇ? ರಸ್ತೆಯ ಪ್ರತಿಯೊಂದು ಗುಂಡಿಯೂ ಕಬ್ಬಿಣದೊಳಗಿಂದ ನೇರವಾಗಿ ಬಂದು ಬೆನ್ನಿನ ಬುಡಕ್ಕೆ ಗುದ್ದುತ್ತಿತ್ತು. ಕೂತರೆ ಸೊಂಟ. ನಿಂತರೆ ಮೊಣಕಾಲು. ಮಲಗಿದರೆ ತಲೆ. ಯಾವುದು ನೋಯಬೇಕೆಂದು ಆರಿಸಿಕೊಳ್ಳುವ ಸ್ವಾತಂತ್ರ್ಯ ಮಾತ್ರ ಅವರಿಗಿತ್ತು.

ಹಿಂದಿನ ವರ್ಷ ಆ ಖಾಲಿ ಲಾರಿಯಲ್ಲೇ ತಂಗಿಯ ಬಸಿರು ಹೋಯಿತು. ಅಕ್ಕ ಕ್ಯಾಬಿನ್ನಿನ ಬೆನ್ನ ತಗಡನ್ನು ಎರಡೂ ಮುಷ್ಟಿಗಳಿಂದ ಬಡಿದಳು. ನಿಲ್ಲಿಸೆಂದು ಗಂಟಲು ಹರಿಯುವಂತೆ ಕೂಗಿದಳು. ಇಂಜಿನ್ನಿನ ಅಬ್ಬರದಲ್ಲಿ ಡ್ರೈವರಿಗೆ ಕೇಳಿಸಲಿಲ್ಲ. ಕೇಳಿಸುವ ಹೊತ್ತಿಗೆ ಕಸಾಯಿಖಾನೆ ಬಂದಿತ್ತು. ತಂಗಿಯನ್ನು ಗೋಡೆಯ ನೆರಳಿನಲ್ಲಿ ಮಲಗಿಸಿ, ತೊಟ್ಟಿಯನ್ನು ತೊಳೆದವಳು ಅಕ್ಕನೇ. ಸಂಜೆ ಧಣಿ ಕೇಳಿದ್ದು ಒಂದೇ ಮಾತು:

“ಗಾಡಿ ಯಾಕೆ ತಡ ಆಯ್ತು?”

ಈಗ ತಂಗಿಗೆ ಮತ್ತೆ ಹೊಟ್ಟೆ ಕಾಣುತ್ತಿತ್ತು. ಮನೆಯಲ್ಲಿರು ಎನ್ನುವಂತಿರಲಿಲ್ಲ. ಮೂವರು ಬಂದರೆ ಮೂವರಿಗೂ ಕೆಲಸ. ಇಬ್ಬರೇ ಬಂದರೆ ಇಬ್ಬರಿಗೂ ಇಲ್ಲ. ಗೇಟಿನ ಬಳಿ ಬೇರೆ ಮೂವರು ಸದಾ ಕಾದು ನಿಂತಿರುತ್ತಿದ್ದರು. ಅಕ್ಕ ಗೋಣಿಗೆ ಒಣಹುಲ್ಲು ತುರುಕಿ ತಂಗಿಯ ಕೆಳಗೆ ಹಾಸಿದಳು. ಮೂಳೆಯಲ್ಲಿ ಹುಲ್ಲು ಬೆರೆಯುತ್ತದೆಂದು ಗಿರಣಿಯವರು ದೂರಿದರು. ಧಣಿ ಗೋಣಿಯನ್ನು ಹೊರಗೆ ಎಸೆಯಿಸಿದ. ಅಂದಿನಿಂದ ಅಕ್ಕ ತಾನೇ ಹಾಸಿಗೆಯಾದಳು. ಕಾಲು ಚಾಚಿ ಕೂತು, ತಂಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹೊಟ್ಟೆಯ ಕೆಳಗೆ ಎರಡೂ ಕೈ ಹೆಣೆದು ಹಿಡಿಯುತ್ತಿದ್ದಳು. ಗುಂಡಿ ಬಂದಾಗ ಎರಡು ಮೈಯ ಭಾರವೂ ಅವಳ ಸೊಂಟದ ಮೇಲೆ ಬೀಳುತ್ತಿತ್ತು.

“ಅಕ್ಕಾ, ನಿಂಗೆ ನೋಯಲ್ವಾ?”

“ನೋಯೋಕೆ ಪುರುಸೊತ್ತೆಲ್ಲಿದೆ? ಬಾಯಿ ಮುಚ್ಕೊಂಡು ಕೂತ್ಕೋ, ನಾಲಿಗೆ ಕಚ್ಕೋತೀಯ.”

ಇಂಥ ಲಾರಿಯಲ್ಲಿ ಧಣಿ ಒಂದು ಸಲ, ಒಂದೇ ಒಂದು ಸಲ, ಕ್ಯಾಬಿನ್ನಿನ ಮೆತ್ತನೆಯ ಸೀಟಿನಲ್ಲಿ ಕುಳಿತು ಗಿರಣಿಯವರೆಗೆ ಹೋಗಿ ಬಂದ. ಮರುದಿನ ಅವನ ಸೊಂಟ ಹಿಡಿದುಕೊಂಡಿತು. ಕುರ್ಚಿಯಿಂದ ಏಳುವಾಗ ಅಮ್ಮಾ ಎನ್ನುವಂತಾಯಿತು. ಲಾರಿಯ ಶಾಕ್ ಅಬ್ಸಾರ್ಬರ್‌ಗಳನ್ನು ಬದಲಿಸಬೇಕೆಂಬ ಜ್ಞಾನ ಅವನಿಗೆ ಆಗ ಹುಟ್ಟಿತು.

ಬಿಡಿಭಾಗಗಳ ಅಂಗಡಿ ಹೆದ್ದಾರಿಯ ಮಗ್ಗುಲಲ್ಲಿತ್ತು. ಮುಂದೆ ಎಣ್ಣೆ ಕುಡಿದು ಕಪ್ಪಾದ ಅಂಗಳ. ಒಳಗೆ ಸೂರಿನವರೆಗೂ ಕಬ್ಬಿಣ. ಒಂದು ಗೋಡೆಯುದ್ದಕ್ಕೂ ಶಾಕ್‌ಗಳನ್ನು ನಿಲ್ಲಿಸಿದ್ದರು: ಒಂದರೊಳಗೊಂದು ಜಾರುವ ಉಕ್ಕಿನ ಕೊಳವೆಗಳು, ಒಳಗೆ ಎಣ್ಣೆ, ಎರಡೂ ತುದಿಗೆ ರಬ್ಬರಿನ ಕಣ್ಣು. ಗಾಡಿ ಎಗರಿದಾಗ ಆ ಎಗರಾಟವನ್ನು ನುಂಗಿ ಸುಮ್ಮನಾಗಿಸುವುದು ಅವುಗಳ ಕೆಲಸ. ಅಂಗಡಿಯವನು ದಪ್ಪ ಕನ್ನಡಕದ, ಸಾವಧಾನದ ಮನುಷ್ಯ. ಗಿರಾಕಿ ಬಂದಾಗ ಮೊದಲು ಗಾಡಿಯನ್ನು ನೋಡಿ ಆಮೇಲೆ ಮುಖ ನೋಡುತ್ತಿದ್ದ.

ಧಣಿ ಅಂದು ಲಾರಿಯಲ್ಲೇ ಬಂದಿದ್ದ. ಮುಂದಿನ ವರ್ಷದ ಮೂಳೆ ಯಾರ ಲಾರಿಗೆ ಎಂಬುದು ಅಂದು ಮಧ್ಯಾಹ್ನ ಕಸಾಯಿಖಾನೆಯಲ್ಲಿ ತೀರ್ಮಾನವಾಗಬೇಕಿತ್ತು. ಧಣಿಯೂ ಲಾರಿಯೂ ಆಳುಗಳೂ ಕಣ್ಣೆದುರಿಗಿರಬೇಕು, ಇಲ್ಲದಿದ್ದರೆ ಇನ್ನೊಬ್ಬನಿಗೆ ಕೊಡುತ್ತೇನೆ ಎಂದು ಅಲ್ಲಿಯ ಮ್ಯಾನೇಜರ್ ಹೇಳಿ ಕಳಿಸಿದ್ದ.

“ಗಾಡಿ ಈಗ ತಾನೆ ಓಡಿ ಬಂದಿದೆ, ಒಳ್ಳೇದೇ ಆಯ್ತು,” ಎಂದ ಅಂಗಡಿಯವನು. “ಕೈಯಿಟ್ಟು ನೋಡಿದ್ರೆ ಸಾಕು. ಕೆಲಸ ಮಾಡಿದ ಶಾಕ್ ಬಿಸಿ ಇರುತ್ತೆ. ತಣ್ಣಗಿದ್ರೆ ಸತ್ತಿದೆ ಅಂತ ಅರ್ಥ.”

ಫಿಟ್ಟರ್ ಬಗ್ಗಿ ಲಾರಿಯ ಅಡಿಗೆ ಇಣುಕಿದ. ಹಲಗೆಗಳ ಸಂದಿಯಿಂದ ಏನೋ ತೊಟ್ಟಿಕ್ಕುತ್ತಿತ್ತು. ತಟ್ಟನೆ ಎದ್ದು ನಿಂತ.

“ನಾನು ಇದರಡಿ ನುಗ್ಗಲ್ಲಪ್ಪ. ಮೊದಲು ತೊಳೆಸಿ.”

“ತೊಳೆದ್ರೆ ಎಲ್ಲಾನೂ ತಣ್ಣಗಾಗುತ್ತಲ್ಲೋ, ಏನು ತಿಳಿಯುತ್ತೆ?” ಎಂದ ಅಂಗಡಿಯವನು.

“ಹಿಂದಿನವರಿದ್ದಾರಲ್ಲ, ಇನ್ಯಾಕೆ ಯೋಚನೆ?” ಧಣಿ ಬೆರಳು ಚಿಟಿಕೆ ಹೊಡೆದ. “ಏಯ್, ನುಗ್ಗೇ ಒಳಗೆ.”

ಅಕ್ಕ ಸೆರಗು ಬಿಗಿದು ಲಾರಿಯ ಅಡಿಗೆ ತೆವಳಿದಳು. ಮುಖದ ಮೇಲೆ ಮೂಳೆಯ ನೀರು ತೊಟ್ಟಿಕ್ಕಿತು. ಮೊದಲು ಮುಂದಿನವುಗಳ ಮೇಲೆ ಅಂಗೈ ಇಟ್ಟಳು. ಬಿಸಿ. ಕ್ಯಾಬಿನ್ನಿನ ಕೆಳಗಿನ ಸಣ್ಣವು ಬೆಚ್ಚಗಿದ್ದವು, ಒಂದರಲ್ಲಿ ಎಣ್ಣೆಯ ಜಿನುಗು. ಮೊಣಕೈ ಊರಿ ಹಿಂದಿನ ಅಚ್ಚಿನತ್ತ ಸರಿದು, ಅಲ್ಲಿಯವನ್ನು ಮುಟ್ಟಿದಳು. ಬಾವಿಕಟ್ಟೆಯ ಕಲ್ಲಿನಷ್ಟು ತಣ್ಣಗಿದ್ದವು. ಒಂದರ ಕೆಳಗಿನ ಕಣ್ಣು ಕಿತ್ತುಹೋಗಿ, ಅದು ಸುಮ್ಮನೆ ಜೋತುಬಿದ್ದಿತ್ತು.

ಅವಳು ಕೈ ತೆಗೆಯದೆ ಹಾಗೇ ಮಲಗಿದ್ದಳು. ಬೆಳಗಿನಿಂದ ಇಡೀ ದಾರಿ ಗಾಡಿ ಎಗರಿದೆ. ಆ ಏಟುಗಳನ್ನು ಈ ಉಕ್ಕು ನುಂಗಿಲ್ಲ. ಹಾಗಾದರೆ ನುಂಗಿದ್ದು ಯಾವುದು? ಇಲ್ಲಿರಬೇಕಾದ ಕಾವು ಎಲ್ಲಿಗೆ ಹೋಯಿತು? ಅವಳ ಸೊಂಟ ಉರಿಯುತ್ತಿತ್ತು. ಉತ್ತರಕ್ಕಾಗಿ ಬೇರೆಲ್ಲೂ ಹೋಗಬೇಕಾಗಿರಲಿಲ್ಲ. ಲಾರಿಯ ಹಿಂದಿನ ಶಾಕ್ ಅವಳೇ. ತೊಡೆಯ ಮೇಲೆ ಕೂತ ತಂಗಿಗೆ ಅವಳು ಶಾಕ್. ತಂಗಿಯ ಹೊಟ್ಟೆಯಲ್ಲಿರುವುದಕ್ಕೆ ತಂಗಿ.

ಹೊರಗೆ ಬಂದು ಹೇಳಿದಳು:

“ಮುಂದಿನವು ಬಿಸಿ ಇವೆ. ಕ್ಯಾಬಿನ್ನಿಂದು ಒಂದು ಸೋರ್ತಿದೆ. ಹಿಂದಿನವು ಎರಡೂ ತಣ್ಣಗೆ ಕೊರೀತಿವೆ.”

ಅಂಗಡಿಯವನು ಡ್ರೈವರನತ್ತ ತಿರುಗಿದ. “ಖಾಲಿ ಎಷ್ಟು ಓಡ್ಸ್ತೀಯಪ್ಪ?”

“ಗಿರಣಿಗೆ ಹೋಗ್ತಾ ಲೋಡು. ಬರ್ತಾ ಪೂರ್ತಿ ಖಾಲಿ.”

“ಹಾಗಿದ್ರೆ ಹಿಂದಿನವೇ ಮೊದಲು ಹಾಕಿಸ್ಬೇಕು ಧಣಿ. ತುಂಬಿದ ಗಾಡೀನ ಭಾರಾನೇ ಅಮುಕಿ ಹಿಡಿಯುತ್ತೆ. ಖಾಲಿ ಇದ್ದಾಗಲೇ ಹಿಂಭಾಗ ಎತ್ತೆತ್ತಿ ಒಗೆಯೋದು.” ಅವನು ಗೋಡೆಯಿಂದ ತೋಳುದಪ್ಪದ ಒಂದು ಜೋಡಿ ಎತ್ತಿ ತಂದಿಟ್ಟ. “ಇದು ನಿಮ್ಮ ಗಾಡಿಗೇ ಹೇಳಿ ಮಾಡಿಸಿದಂಗಿದೆ. ಉದ್ದ ಸರಿ, ಕಣ್ಣು ಸರಿ, ಕೆಟ್ಟ ರಸ್ತೇಗೆ ತಡ್ಕೊಳ್ಳುತ್ತೆ.”

ಧಣಿ ಅದನ್ನು ಚಪ್ಪಲಿಯ ತುದಿಯಿಂದ ಸರಿಸಿದ.

“ಖಾಲಿ ಇದ್ದಾಗ ಎಗರಿದ್ರೆ ಏನಂತೆ? ಹಿಂದೆ ಏನೂ ಇರಲ್ವಲ್ಲ.”

ಹಿಂದಿರುವ ಮೂವರೂ ಅವನ ಪಕ್ಕದಲ್ಲೇ ನಿಂತಿದ್ದರು. ತಂಗಿಯ ಹೊಟ್ಟೆ ಅವನ ಮೊಣಕೈಗೆ ತಗಲುವಷ್ಟು ಹತ್ತಿರದಲ್ಲಿತ್ತು.

“ನಾವಿರ್ತೀವಿ ಧಣಿ,” ಎಂದಳು ಅಕ್ಕ.

ಧಣಿ ತಿರುಗಿಯೂ ನೋಡಲಿಲ್ಲ. “ಅದನ್ನೇ ನಾನು ಹೇಳ್ತಿರೋದು.”

ವಕೀಲ ಗಂಟಲು ಸರಿಪಡಿಸಿಕೊಂಡ. “ಕೇಳಿಸ್ಕೊಂಡ್ಯಾ ಅಕ್ಕ? ನಾವು ಮೂರು ಜನ ಸೇರಿದ್ರೆ ಒಂದು ‘ಏನೂ ಇಲ್ಲ’ ಆಗ್ತೀವಿ. ಒಬ್ಬೊಬ್ಬರೇ ಆದ್ರೆ ಏನಾಗ್ತೀವೋ, ಅದನ್ನ ಧಣಿಗಳೇ ಹೇಳ್ಬೇಕು.”

ಡ್ರೈವರ್ ನಗು ತಡೆಯಲು ಕೆಮ್ಮಿದ. ಧಣಿಗೆ ಹಾಸ್ಯ ಹಿಡಿಸಲಿಲ್ಲ. ಅವನು ಗೋಡೆಯುದ್ದಕ್ಕೂ ನಡೆದು, ಹಾಸಿಗೆ ಆರಿಸುವವನಂತೆ ಒಂದೊಂದನ್ನೂ ಅಮುಕಿ ನೋಡಿದ. ಕ್ಯಾಬಿನ್ನಿಗೆ ಪೂರ್ತಿ ಹೊಸದು, ಅದೂ ಮೆತ್ತಗಿರುವುದು. ಮುಂದಿನ ಅಚ್ಚಿಗೆ ಹೊಸದು. ಬದುಕಿದ್ದರೂ ಇರಲಿ, ಬದಲಿಸಿ. ಹಿಂದೆ ಜೋತುಬಿದ್ದದ್ದನ್ನು ಕಿತ್ತು ಬಿಸಾಡಿ, ಸದ್ದು ಮಾಡುತ್ತದೆ ಎಂದ.

“ಹಿಂದೆ ಹಾಗೇ ಬಿಟ್ರೆ ಟೈರು ತಿನ್ನುತ್ತೆ ಧಣಿ,” ಎಂದ ಅಂಗಡಿಯವನು. ಟೈರಿನ ಹೆಸರಿನಲ್ಲಾದರೂ ಒಪ್ಪಿಯಾನೆಂದು ಇರಬೇಕು.

“ಟೈರು ಬಂದಾಗ ಟೈರಿನ ಮಾತು.”

ಮೂವರೂ ಕೊಳವೆಯ ನೀರು ಹಿಡಿದು ಲಾರಿಯ ಅಡಿಯನ್ನು ತೊಳೆದರು, ಫಿಟ್ಟರನಿಗೆ ಅಸಹ್ಯವಾಗದಿರಲೆಂದು. ತೊಳೆಯುತ್ತ ತಂಗಿಯ ಕಾಲು ಸೋತವು. ಅವಳು ನೆರಳಿನಲ್ಲಿದ್ದ ಒಂದು ಟೈರಿನ ಮೇಲೆ ಕುಳಿತಳು.

“ಏಯ್, ಏಳು ಏಳು! ಮಾರೋ ಟೈರು ಅದು!” ಫಿಟ್ಟರ್ ಕೂಗಿದ. ತಂಗಿ ಹೊಟ್ಟೆ ಹಿಡಿದುಕೊಂಡು ಎದ್ದಳು. ಅವಳು ಕುಳಿತಿದ್ದ ಜಾಗಕ್ಕೆ ಅವನು ಒಂದು ಮಗ್ಗು ನೀರು ಸುರಿದ. ಎಣ್ಣೆ, ಗ್ರೀಸು, ಮಸಿ ಮೆತ್ತಿದ ಕೈಯಿಂದ, ಅವಳ ಗುರುತನ್ನು ತೊಳೆದ.

ಅಕ್ಕ ನೋಡಿದಳು.

ಜೋಡಣೆ ಮುಗಿಯಿತು. ಧಣಿ ಕ್ಯಾಬಿನ್ ಹತ್ತಿ, ಡ್ರೈವರನಿಂದ ಹೆದ್ದಾರಿಯಲ್ಲಿ ಒಂದು ಸುತ್ತು ಹೊಡೆಸಿ ಬಂದ. ಸೀಟಿನ ಮೇಲೆ ಕುಳಿತಲ್ಲೇ ಎರಡು ಸಲ ಕುಪ್ಪಳಿಸಿ ನೋಡಿದ. ಅವನ ಮುಖ ಅರಳಿತು.

“ಆಹಾ! ತೊಟ್ಟಿಲು ತೂಗಿದಂಗಿದೆ ಕಣಯ್ಯ!”

ಬಾಗಿಲು ತೆರೆದೇ ಬಿಟ್ಟು ಇಳಿದು, ಅಂಗಡಿಯವನ ಲೆಕ್ಕ ತೀರಿಸಲು ಒಳಗೆ ಹೋಗುತ್ತ ಕೂಗಿದ: “ಹತ್ರೋ ಹಿಂದಿನವರು, ಹೊತ್ತಾಯ್ತು!”

ವಕೀಲ ಹತ್ತಿದ. ತಂಗಿ ಹಿಂದಿನ ಚಕ್ರದ ಬಳಿ ಹೋಗಿ ನಿಂತಳು. ಅಕ್ಕ ಅವಳ ಮಣಿಕಟ್ಟು ಹಿಡಿದಳು.

“ಈ ಕಡೆ ಬಾ.”

“ಎಲ್ಲಿಗಕ್ಕ?”

“ಬಾ ಅಂದ್ನಲ್ಲ.”

ಅಕ್ಕ ಲಾರಿಯ ಉದ್ದಕ್ಕೂ ನಡೆದು ಮುಂದೆ ಬಂದಳು. ತೆರೆದ ಬಾಗಿಲ ಮೆಟ್ಟಿಲ ಮೇಲೆ ತಂಗಿಯ ಪಾದ ಇಡಿಸಿ, ಬೆನ್ನಿಗೆ ಕೈ ಕೊಟ್ಟು ಮೇಲೆ ಹತ್ತಿಸಿದಳು. ತಾನೂ ಹತ್ತಿ, ಅವಳ ಪಕ್ಕದಲ್ಲಿ ಕುಳಿತು, ಬಾಗಿಲು ಎಳೆದುಕೊಂಡಳು. ಸ್ಟಿಯರಿಂಗ್ ಹಿಂದೆ ಕೂತಿದ್ದ ಡ್ರೈವರ್ ಹಾವು ಕಂಡವನಂತೆ ಆಚೆ ಬಾಗಿಲಿನಿಂದ ಹಾರಿದ.

ಧಣಿ ಹೊರಬಂದಾಗ ಅವನ ಜಾಗದಲ್ಲಿ ಇಬ್ಬರು ಹೆಂಗಸರು ಕುಳಿತಿದ್ದರು.

“ಏನೇ ಇದು?” ಒಂದು ಕ್ಷಣ ಅವನಿಗೆ ಸಿಟ್ಟು ಕೂಡ ಹೊಳೆಯಲಿಲ್ಲ. “ಇಳೀ.”

“ಇಳಿಯಲ್ಲ.”

“ಏನಂದೆ?”

“ಹಿಂದೆ ಶಾಕ್ ಇಲ್ಲ. ಇವಳು ಹಿಂದೆ ಕೂರಲ್ಲ. ನಾನೂ ಕೂರಲ್ಲ.”

“ಲೇ, ಇಳಿಸೋ ಇವರನ್ನ!” ಧಣಿ ಡ್ರೈವರನ ಮೇಲೆ ಹಾರಿದ.

ಡ್ರೈವರ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. “ಹೇಗೆ ಇಳಿಸ್ಲಿ ಧಣಿ? ಮುಟ್ಬೇಕಾಗುತ್ತೆ.”

ಫಿಟ್ಟರ್ ಆಗಲೇ ಅಂಗಡಿಯೊಳಗೆ ಮಾಯವಾಗಿದ್ದ. ಅಂಗಡಿಯವನು ಕನ್ನಡಕ ತೆಗೆದು ಒರೆಸತೊಡಗಿದ. ಪಕ್ಕದ ಟೈರ್ ಅಂಗಡಿಯಿಂದ, ಎದುರಿನ ಪೆಟ್ರೋಲ್ ಬಂಕಿನಿಂದ ಜನ ಬಂದು ಸುತ್ತ ನಿಂತರು. ಧಣಿ ಅಂಗಳದಲ್ಲಿ ಬಿದ್ದಿದ್ದ ಉದ್ದನೆಯ ಕಬ್ಬಿಣದ ಕೊಳವೆ ಎತ್ತಿಕೊಂಡ. ಕಿಟಕಿಯೊಳಗೆ ತೂರಿಸಿ, ಬಿಲದಲ್ಲಿರುವ ಹೆಗ್ಗಣವನ್ನು ಎಬ್ಬಿಸುವವನಂತೆ ಅಕ್ಕನ ಭುಜಕ್ಕೆ ತಿವಿದ. ಒಮ್ಮೆ. ಇನ್ನೊಮ್ಮೆ. ಮೂರನೆಯದಕ್ಕೆ ಅವಳು ಕೊಳವೆಯ ತುದಿಯನ್ನು ಹಿಡಿದಳು. ಮೂಳೆ ಬುಟ್ಟಿ ಎತ್ತಿದ ಕೈ ಅದು. ಅವನು ಎಳೆದ; ಬರಲಿಲ್ಲ.

“ಕೊಳವೆ ಯಾಕೆ ಧಣಿ? ಕೈಯಿಂದ ಹೊಡೀರಿ. ಕೆನ್ನೆ ಕೊಡ್ತೀನಿ. ನಿಮ್ಮ ಕೈಯಿಂದ ಒಂದೇ ಒಂದು ಏಟು ಹೊಡೀರಿ, ಇಳಿದು ಹೋಗ್ತೀನಿ.”

ಅವಳು ಕಿಟಕಿಯಿಂದ ಮುಖ ಹೊರಗೆ ಚಾಚಿದಳು. ಲಾರಿಯಡಿಯ ಮಸಿ, ಮೂಳೆಯ ನೀರು, ಎರಡೂ ಇನ್ನೂ ಕೆನ್ನೆಯ ಮೇಲಿದ್ದವು. ಧಣಿಯ ಕೈ ಮೇಲೆದ್ದಿತು. ಅರ್ಧದಲ್ಲಿ ನಿಂತಿತು. ನೋಡುವ ಜನರೆಲ್ಲ ಆ ಕೈಯನ್ನೇ ನೋಡುತ್ತಿದ್ದರು. ಅವನು ಅದನ್ನು ಕೆಳಗಿಳಿಸಿ ಪಂಚೆಗೆ ಒರೆಸಿಕೊಂಡ, ಮುಟ್ಟದೆಯೇ.

“ನಾಳೆಯಿಂದ ನಿಮಗೆ ಕೆಲಸ ಇಲ್ಲ!”

“ನಾಳೆದು ನಾಳೆ. ಇವತ್ತು ಮ್ಯಾನೇಜರ್ ಮುಂದೆ ಯಾರನ್ನ ನಿಲ್ಲಿಸ್ತೀರಿ? ನೀವು ಬುಟ್ಟಿ ಹೊರ್ತೀರಾ?”

“ಗೇಟ್‌ನಲ್ಲಿ ಬೇರೆಯವರಿದ್ದಾರೆ ಕಣೇ!”

“ಇರ್ಲಿ. ಅವರಿಗೂ ಸೊಂಟ ಇದೆ.”

“ಅಕ್ಕ, ಬೇಡ, ಇಳಿಯೋಣ,” ತಂಗಿ ಪಿಸುಗುಟ್ಟಿದಳು.

“ಒಂದನ್ನ ತೊಳೆದು ಚೆಲ್ಲಿದ್ದೀನಿ,” ಎಂದಳು ಅಕ್ಕ. ಈ ಸಲ ದನಿ ತಗ್ಗಿಸಲಿಲ್ಲ. ಅಂಗಳದಲ್ಲಿದ್ದ ಎಲ್ಲರಿಗೂ ಕೇಳಿಸಿತು. “ಈ ಗಾಡಿ ಹಲಗೆ ಮೇಲಿಂದ, ಇದೇ ಕೈಯಿಂದ, ನೀರು ಹೊಯ್ದು ತೊಳೆದು ಚೆಲ್ಲಿದ್ದೀನಿ. ಈ ಧಣಿ ಯಾಕೆ ತಡ ಆಯ್ತು ಅಂತ ಕೇಳಿದ. ಇನ್ನೊಂದನ್ನ ತೊಳೆಯಲ್ಲ.”

ನೆರಳು ಕಾಲಬುಡಕ್ಕೆ ಸರಿಯುತ್ತಿತ್ತು. ಧಣಿ ಸೂರ್ಯನನ್ನು ನೋಡಿದ, ರಸ್ತೆಯನ್ನು ನೋಡಿದ, ಕೊನೆಗೆ ಅಂಗಡಿಯವನನ್ನು ನೋಡಿದ.

“ಹಾಕಯ್ಯ,” ಎಂದ ಹಲ್ಲು ಕಚ್ಚಿ. “ಹಿಂದಿನದೂ ಹಾಕು. ಬೇಗ.”

ಅಂಗಡಿಯವನು ತೋಳುದಪ್ಪದ ಜೋಡಿಯನ್ನು ತಾನೇ ಹೊತ್ತು ತಂದ. ಒಳಗಿನ ಗಾಳಿ ಹೋಗಿ ಎಣ್ಣೆ ಕೂರಲೆಂದು ಒಂದೊಂದನ್ನೂ ನೆಟ್ಟಗೆ ನಿಲ್ಲಿಸಿ, ಮೈಭಾರ ಹಾಕಿ ಒತ್ತಿ, ಎಳೆದು, ಮತ್ತೆ ಒತ್ತಿದ. ಫಿಟ್ಟರ್ ತಲೆ ತಗ್ಗಿಸಿಕೊಂಡು ಅಡಿಗೆ ನುಗ್ಗಿದ. ಬೋಲ್ಟು ಬಿಗಿಯುವ ಸದ್ದು ಮುಗಿಯುವವರೆಗೂ ಅಕ್ಕ ಸೀಟು ಬಿಟ್ಟು ಅಲ್ಲಾಡಲಿಲ್ಲ.

“ಆಯ್ತಲ್ಲ?” ಧಣಿ ಗುಡುಗಿದ. “ಇನ್ನಾದ್ರೂ ಇಳಿ.”

ಅಕ್ಕ ತಂಗಿಯತ್ತ ನೋಡಿದಳು. ತಂಗಿ ಸೀಟಿಗೆ ಒರಗಿದ್ದಳು. ಬೆನ್ನಿಗೆ ಒರಗು ಸಿಕ್ಕಿ ಎಷ್ಟು ಕಾಲವಾಗಿತ್ತೋ, ಅವಳ ಕಣ್ಣು ಅರ್ಧ ಮುಚ್ಚಿದ್ದವು. ಅದನ್ನು ನೋಡುವವರೆಗೂ ಅಕ್ಕ ಇಳಿಯಬೇಕೆಂದೇ ಇದ್ದಳು. ನೋಡಿದ ಮೇಲೆ ಅವಳೊಳಗೆ ಏನೋ ಗಟ್ಟಿಯಾಗಿ ಕೂತಿತು.

“ಹಿಂದೆ ಚೆನ್ನಾಗೇ ಹಾಕಿದ್ದಾರೆ ಧಣಿ. ಹೊಸದು. ನೀವೇ ಹತ್ತಿ.”

“ಏನು?”

“ಇಲ್ಲೇ ಕೂರ್ತೀರಾ? ಜಾಗ ಇದೆ, ಬನ್ನಿ, ಸರಿದು ಕೊಡ್ತೀನಿ.” ಅವಳು ನಿಜವಾಗಿಯೂ ಸರಿದಳು. ಪಕ್ಕದಲ್ಲಿ ಒಬ್ಬ ಮನುಷ್ಯನಷ್ಟು ಜಾಗ ತೆರೆಯಿತು. “ಇಲ್ಲ ಅಂದ್ರೆ ಹಿಂದೆ. ಇವತ್ತು ನಾವಂತೂ ಇಳಿಯಲ್ಲ.”

ಧಣಿ ಆ ಜಾಗವನ್ನು ನೋಡಿದ. ಜನ ಧಣಿಯನ್ನು ನೋಡಿದರು. ಯಾರೋ ಒಬ್ಬ ಕಿಸಕ್ಕನೆ ನಕ್ಕ. ಡ್ರೈವರ್ ಮೆಲ್ಲನೆ ಲಾರಿಯನ್ನು ಸುತ್ತಿ ಬಂದು, ಯಾರ ಮುಖವನ್ನೂ ನೋಡದೆ ತನ್ನ ಸೀಟಿಗೆ ಹತ್ತಿ, ಇಂಜಿನ್ ಚಾಲೂ ಮಾಡಿದ.

ಪಕ್ಕದ ಕನ್ನಡಿಯಲ್ಲಿ ಅಕ್ಕನಿಗೆ ಹಿಂಬದಿ ಕಾಣುತ್ತಿತ್ತು. ಧಣಿ ಪಂಚೆ ಎತ್ತಿ ಕಟ್ಟಿದ. ಚಕ್ರದ ಮೇಲೆ ಕಾಲಿಟ್ಟ, ಜಾರಿತು. ಇನ್ನೊಮ್ಮೆ ಇಟ್ಟ, ಹಿಡಿಯಲು ಏನು ಎಲ್ಲಿದೆಯೆಂದು ಅವನಿಗೆ ತಿಳಿದಿರಲಿಲ್ಲ. ತೊಟ್ಟಿಯ ಅಂಚಿನಿಂದ ವಕೀಲ ಬಗ್ಗಿ ಕೈ ಚಾಚಿದ.

ಧಣಿ ಆ ಕೈಯನ್ನು ದಿಟ್ಟಿಸಿದ. ಜೇಬಿನಿಂದ ಕರವಸ್ತ್ರ ತೆಗೆದು, ತನ್ನ ಅಂಗೈಗೆ ಬಿಗಿಯಾಗಿ ಸುತ್ತಿಕೊಂಡು, ಆಮೇಲೆ ಮೇಲಕ್ಕೆ ಚಾಚಿದ.

ವಕೀಲ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಈ ಸಲ ಅವನ ಬಾಯಲ್ಲಿ ಅಡ್ಡಮಾತು ಬರಲಿಲ್ಲ.

“ಕೈಗೆ ಸುತ್ತಿದ್ದು ಬಿಚ್ಚಿ,” ಎಂದ.

ಡ್ರೈವರ್ ಗೇರಿಗೆ ಕೈ ಹಾಕಿದ್ದ. “ಹೊರಡ್ಲಾ ಅಕ್ಕ?” ಎಂದು ಕೇಳಿದ.

“ತಾಳು,” ಎಂದಳು ಅಕ್ಕ, ಕನ್ನಡಿಯಿಂದ ಕಣ್ಣು ತೆಗೆಯದೆ. “ಮೊದಲು ಅವರು ಬಿಚ್ಚಲಿ.”